ಪ್ರತಿಕ್ರಿಯೆ: ಜೈಲಿನಿಂದ ಬಂದ ರೊಕೊಸೊವ್ಸ್ಕಿಗೆ ಮತ್ತೆ ಸೇನೆ ಕೊಟ್ಟಿದ್ದು ಹೇಗೆ?

ಸ್ಟಾಲಿನ್ ಜೈಲಿಗೆ ಹಾಕಿಸಿದ ಸೋವಿಯತ್ ಸೇನಾಧಿಕಾರಿ ರೊಕೊಸೊವ್ಸ್ಕಿ ಮುಂದೆ ಮಾರ್ಷಲ್ ಆಗಿದ್ದು ಹೇಗೆ ಅಂತ ಕೇಳಿದ್ದೀರಿ. ಕರುಣೆಯಿಂದಂತೂ ಅಲ್ಲ, ಸೇನೆಗೆ ಅನುಭವಿಗಳು ಬೇಕಿತ್ತು ಅಷ್ಟೇ. 1937ರಲ್ಲಿ ಪೋಲೆಂಡ್, ಜಪಾನ್‌ಗಳ ಗೂಢಚಾರ ಎಂದು ಹಿಡಿದರು. ಚೆನ್ನಾಗಿ ಹೊಡೆದರೂ ಆತ ತಪ್ಪೊಪ್ಪಿಗೆಗೆ ಸಹಿ ಹಾಕಲಿಲ್ಲ. ಅತ್ತ ಫಿನ್‌ಲೆಂಡ್ ಯುದ್ಧದಲ್ಲಿ ಸೋವಿಯತ್ ಸೇನೆ ಏಟು ತಿಂದಿತ್ತು. ಆ ಯುದ್ಧ ಮುಗಿದ ಹೊತ್ತಿಗೆ, 1940ರ ಮಾರ್ಚ್‌ನಲ್ಲಿ, ಬಿಟ್ಟುಬಿಟ್ಟರು. ಸ್ವಲ್ಪ ದಿನದಲ್ಲೇ ಕೀವ್ ಸೇನಾ ವಲಯದಲ್ಲಿ ಜನರಲ್ ಝುಕೋವ್ ಕೈಕೆಳಗೆ ಕೆಲಸ. ತಮಾಷೆ ನೋಡಿ, ಹತ್ತು ವರ್ಷ ಹಿಂದೆ ಅದೇ ಝುಕೋವ್ ಇವರ ಕೈಕೆಳಗಿದ್ದವರು!

ಮುಂದೆ ಮಾಸ್ಕೋ, ಸ್ಟಾಲಿನ್‌ಗ್ರಾಡ್, ಕುರ್ಸ್ಕ್‌ಗಳಲ್ಲಿ ಜರ್ಮನರ ವಿರುದ್ಧ ಇವರು ಕಾದಿದ್ದು ಎಲ್ಲರಿಗೂ ಗೊತ್ತು. ನನಗೆ ಜಾಸ್ತಿ ಇಷ್ಟ, ಜರ್ಮನರ ಕೈಲಿದ್ದ ಬೆಲಾರೂಸ್‌ನ ಬೊಬ್ರುಯ್ಸ್ಕ್ ಊರಿನ ಮೇಲೆ 1944ರಲ್ಲಿ ನಡೆದ ದಾಳಿ. ಒಂದಲ್ಲ, ಎರಡು ಕಡೆಯಿಂದ ಸಮಬಲದ ಹೊಡೆತ ಬೇಕು ಅಂತ ಇವರು ಪಟ್ಟು ಹಿಡಿದರು. ಹೊರಗೆ ಹೋಗಿ ಯೋಚಿಸಿ ಬಾ ಅಂತ ಸ್ಟಾಲಿನ್ ಕಳಿಸಿದರೂ ಮಾತು ಬದಲಿಸಲಿಲ್ಲ ಎಂದು ಅವರೇ ಬರೆದುಕೊಂಡಿದ್ದಾರೆ. ಜೈಲು ಕಂಡವನ ಧೈರ್ಯ ಅಲ್ವಾ! ಒಂದು ಕಡೆ ಬರೀ ಜೌಗು. ಅಲ್ಲಿ ಟ್ಯಾಂಕ್ ಬರೋದಿಲ್ಲ ಅಂತ ಜರ್ಮನರು ನಿಶ್ಚಿಂತೆಯಾಗಿದ್ದರು. ಇವರ ಸೈನಿಕರು ಮರದ ದಿಮ್ಮಿ ಜೋಡಿಸಿ ದಾರಿ ಮಾಡಿದರು, ಕೆಸರಲ್ಲಿ ಹೂತುಹೋಗದಂತೆ ಬಳ್ಳಿ-ಕಡ್ಡಿ ಹೆಣೆದ ಅಗಲ ಅಟ್ಟೆ ಕಾಲಿಗೆ ಕಟ್ಟಿಕೊಂಡರು. ಜೂನ್ 29ಕ್ಕೆ ಬೊಬ್ರುಯ್ಸ್ಕ್ ಕೈಗೆ ಬಂತು, ಅದೇ ದಿನ ಮಾರ್ಷಲ್ ಪದವಿಯೂ ಬಂತು.

ಆದರೆ ಬರ್ಲಿನ್ ಮಾತ್ರ ಸಿಗಲಿಲ್ಲ. ನವೆಂಬರ್‌ನಲ್ಲಿ ಇವರನ್ನು ಪಕ್ಕದ ಫ್ರಂಟ್‌ಗೆ (ಹಲವು ಸೇನೆಗಳು ಸೇರಿದ ದೊಡ್ಡ ಪಡೆ) ಸರಿಸಿ, ಬರ್ಲಿನ್ ದಾರಿಯಲ್ಲಿದ್ದ ಇವರ ಫ್ರಂಟನ್ನು ಝುಕೋವ್‌ಗೆ ಕೊಟ್ಟರು.