ಎಂಟು ಗಂಟೆ ಆಯ್ತಲ್ವಾ ಅಂತ ಸೈನ್ ಆನ್‌ಗೆ ಹೊರಡಬೇಡಿ

ಪ್ರಶ್ನೆ: ನಮ್ಮನೆಯವರು ಗೂಡ್ಸ್ ರೈಲು ಓಡಿಸುವ ಲೋಕೋ ಪೈಲಟ್. ಡ್ಯೂಟಿಯಲ್ಲಿ ಯಾವತ್ತೂ ಕುಡಿದವರಲ್ಲ. ಆದರೆ ರೆಸ್ಟ್ ಸಿಕ್ಕಿದ ದಿನ ಒಂದು ಕ್ವಾರ್ಟರ್ ಬೇಕೇ ಬೇಕು, ಈಗೀಗ ಅದೂ ಜಾಸ್ತಿ ಆಗುತ್ತಿದೆ. ಹೋದ ತಿಂಗಳು ರಾತ್ರಿ 10ಕ್ಕೆ ಕುಡಿದು ಮಲಗಿದವರು ಬೆಳಿಗ್ಗೆ 6ರ ಸೈನ್ ಆನ್‌ಗೆ (ಡ್ಯೂಟಿಗೆ ಹಾಜರಿ ಹಾಕಲು) ಹೊರಟರು. 'ಎಂಟು ಗಂಟೆ ಆಯ್ತಲ್ವಾ, ಏನೂ ಆಗಲ್ಲ' ಅಂದರು. ನಾನೇ ಕಾಫಿ ಕೊಟ್ಟು, ಏಲಕ್ಕಿ ಕೊಟ್ಟು ಕಳಿಸಿದೆ. ಅರ್ಧ ದಾರಿಯಲ್ಲಿ ಹೆದರಿಕೆಯಾಗಿ, ಹುಷಾರಿಲ್ಲ ಅಂತ ಫೋನ್ ಮಾಡಿ ವಾಪಸ್ ಬಂದರು. ಆಫೀಸಿಗೆ ಹೇಳಿದರೆ ಕೆಲಸ ಹೋಗುತ್ತೆ, ಸುಮ್ಮನಿದ್ದರೆ ನನಗೆ ನಿದ್ದೆ ಇಲ್ಲ. ಏನು ಮಾಡಲಿ ಸರ್?
– ಹೆಸರು ಬೇಡ, ಅರಸೀಕೆರೆ

ಉತ್ತರ: ತಂಗಿ, ಮೊದಲು ಆ ಏಲಕ್ಕಿ ಕೊಡುವುದನ್ನು ಬಿಡಿ. ಅದು ಬಾಯಿಯ ವಾಸನೆ ಮುಚ್ಚುತ್ತದೆ, ಅಷ್ಟೇ. ಲಾಬಿಯಲ್ಲಿ, ಅಂದರೆ ಡ್ಯೂಟಿಗೆ ಸೈನ್ ಮಾಡುವ ಕಚೇರಿಯಲ್ಲಿ, ಊದಿಸುವ ಮೆಷಿನ್ ನೋಡುವುದು ಶ್ವಾಸಕೋಶದಿಂದ ಬರುವ ಗಾಳಿಯನ್ನು, ರಕ್ತದಲ್ಲಿ ಇರುವುದು ಅಲ್ಲಿಗೆ ಬಂದೇ ಬರುತ್ತದೆ. ಕಾಫಿ ಕುಡಿದರೆ ಎಚ್ಚರ ಬರಬಹುದು, ಮದ್ಯ ಬೇಗ ಇಳಿಯುವುದಿಲ್ಲ.

ಈಗ ಎಂಟು ಗಂಟೆಯ ಲೆಕ್ಕ. ರೈಲ್ವೆಯ ಜನರಲ್ ರೂಲ್ 2.09 ಹೇಳುವುದು ಹೀಗೆ: ಡ್ಯೂಟಿ ಶುರುವಾಗುವ 8 ಗಂಟೆ ಒಳಗೆ ಮದ್ಯ, ಅಮಲು ಅಥವಾ ಮಂಪರು ಬರಿಸುವ ಔಷಧಿ ಯಾವುದನ್ನೂ ತೆಗೆದುಕೊಳ್ಳಬಾರದು, ಡ್ಯೂಟಿಯಲ್ಲಂತೂ ಇಲ್ಲವೇ ಇಲ್ಲ. ಇದನ್ನೇ ನಮ್ಮ ಹುಡುಗರು ಎಂಟು ಗಂಟೆ ಕಳೆದರೆ ಸಾಕು ಅಂತ ತಿರುಗಿಸಿ ಓದುತ್ತಾರೆ. ಸಾಕಾಗುವುದಿಲ್ಲ. ಒಂದು ಕ್ವಾರ್ಟರ್ ಅಂದರೆ 180 ಮಿ.ಲೀ., ಅದರಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 65 ಕೆ.ಜಿ. ತೂಕದ ಗಂಡಸಿನಲ್ಲಿ ಅದು 100 ಮಿ.ಲೀ. ರಕ್ತಕ್ಕೆ ಹತ್ತಿರ ಹತ್ತಿರ 140 ಮಿ.ಗ್ರಾಂವರೆಗೆ ಏರಬಹುದು, ಆಮೇಲೆ ಗಂಟೆಗೆ 15ರಂತೆ ಇಳಿಯುತ್ತದೆ. ನೀವೇ ಕಳೆದು ನೋಡಿ, ಬೆಳಿಗ್ಗೆ 6ಕ್ಕೆ 20ರ ಆಸುಪಾಸು ಇನ್ನೂ ಉಳಿದಿದೆ. ಕ್ವಾರ್ಟರ್ ಮೇಲೆ ಇನ್ನೊಂದು ಪೆಗ್ ಹೋಗಿದ್ದರೆ ಪೂರ್ತಿ ಇಳಿಯಲು ಬೆಳಿಗ್ಗೆ ಹತ್ತು ಗಂಟೆ ದಾಟಬೇಕು. ರಸ್ತೆಯಲ್ಲಿ ಕಾರು ಓಡಿಸುವವನಿಗೆ 30ರವರೆಗೆ ಕೇಸ್ ಇಲ್ಲ. ಲಾಬಿಯಲ್ಲಿ ಆ ಸಡಿಲ ಇಲ್ಲ, ಇರಲೂ ಬಾರದು. ತುಂಬಿದ ಗೂಡ್ಸ್ ಗಾಡಿ ನಿಲ್ಲಬೇಕಾದರೆ ಎಷ್ಟು ದೂರ ಬೇಕು ಅಂತ ನಿಮ್ಮ ಯಜಮಾನರನ್ನೇ ಕೇಳಿ.

ಹೆದರಿಸಲು ಹೇಳುತ್ತಿಲ್ಲ, ಆದರೆ ಇದನ್ನು ಅವರು ಕೇಳಿಸಿಕೊಳ್ಳಬೇಕು. 1987ರ ಜನವರಿ 4, ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಚೇಸ್ ಅನ್ನುವ ಊರು. ಕಾನ್‌ರೇಲ್ ಕಂಪನಿಯ ಮೂರು ಲೈಟ್ ಎಂಜಿನ್‌ಗಳು (ಬೋಗಿ ಇಲ್ಲದ ಬರೀ ಎಂಜಿನ್‌ಗಳು) ಸಿಗ್ನಲ್ ಮೀರಿ ಮುಂದೆ ಬಂದು ಮುಖ್ಯ ಲೈನಿನಲ್ಲಿ ನಿಂತವು. ಹಿಂದಿನಿಂದ ಬಾಸ್ಟನ್ ಕಡೆ ಹೊರಟಿದ್ದ ಪ್ಯಾಸೆಂಜರ್ ಗಾಡಿ ಭಾರೀ ವೇಗದಲ್ಲಿ ಬಂದು ಗುದ್ದಿತು. 16 ಜನ ಹೋದರು. ಆ ಲೈಟ್ ಎಂಜಿನ್‌ನಲ್ಲಿದ್ದ ಇಬ್ಬರೂ ಗಾಂಜಾ ಸೇದಿದ್ದರು. ಅವರನ್ನು ಎಚ್ಚರಿಸಬೇಕಿದ್ದ ಶಿಳ್ಳೆಗೆ ಟೇಪ್ ಸುತ್ತಿ ಸದ್ದು ಅಡಗಿಸಲಾಗಿತ್ತು. ಆ ಅಪಘಾತ ಆದ ಮೇಲೆಯೇ ಒತ್ತಡ ಹೆಚ್ಚಾಗಿ 1991ರಲ್ಲಿ ಅಲ್ಲಿ ರೈಲು, ವಿಮಾನ, ಲಾರಿ ಎಲ್ಲಕ್ಕೂ ಸೇರಿ ಪರೀಕ್ಷೆಯ ಕಾನೂನು ಬಂತು.

ಆದರೆ ಅಲ್ಲಿನ ನಿಯಮದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಶಿಕ್ಷೆಯದ್ದಲ್ಲ. ಸಿಕ್ಕಿಬೀಳುವ ಮೊದಲೇ ನೌಕರ ತಾನಾಗಿ ಬಂದು 'ನನಗೆ ಇದು ಬಿಡಲು ಆಗುತ್ತಿಲ್ಲ' ಅಂದರೆ, ಚಿಕಿತ್ಸೆ ಮುಗಿಸಿ ಮತ್ತೆ ಅದೇ ಕೆಲಸಕ್ಕೆ ಬರುವ ದಾರಿಯನ್ನು ರೈಲು ಕಂಪನಿಗಳು ಇಟ್ಟಿರಲೇಬೇಕು. ಜೊತೆಯವನು ಹೇಳಿದರೂ ಅಂಥದ್ದೇ ಒಂದು ದಾರಿ ಇದೆ. ಹೇಳಿದವನ ಕೆಲಸ ಹೋಗುತ್ತದೆ ಅಂತಾದರೆ ಯಾರು ತಾನೇ ಬಾಯಿ ಬಿಡುತ್ತಾರೆ? ನಮ್ಮ ಪ್ರತಿ ಲಾಬಿಯ ಗೋಡೆಯ ಮೇಲೂ ಇಂಥ ಭರವಸೆ ಬರೆದಿರಬೇಕು ಅಂತ ನಾನು ಸರ್ವಿಸಿನಲ್ಲಿದ್ದಾಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ನಿಮ್ಮ ಯಜಮಾನರು ಅರ್ಧ ದಾರಿಯಿಂದ ವಾಪಸ್ ಬಂದರಲ್ಲ, ಅದು ಅವರು ಮಾಡಿದ ಒಳ್ಳೆಯ ಕೆಲಸ. ಅದನ್ನೇ ಹಿಡಿದು ಮಾತು ಶುರು ಮಾಡಿ. ಜಗಳ ಬೇಡ, ಕುಡಿದಿರುವ ಹೊತ್ತಿನಲ್ಲಂತೂ ಬೇಡ. ಈ ವಾರವೇ ಇಬ್ಬರೂ ರೈಲ್ವೆ ಡಾಕ್ಟರ ಹತ್ತಿರ ಹೋಗಿ, ಅವರೇ ಬಾಯಿಬಿಟ್ಟು ಹೇಳಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಡಿತ ಬಿಡಿಸಲೆಂದೇ ವಿಭಾಗ ಇದೆ. ಅಲ್ಲಿಗೆ ಹೋಗುವ ಮೊದಲು ಮಾತಾಡಬೇಕೆಂದರೆ 14446ಕ್ಕೆ ಫೋನ್ ಮಾಡಿ, ಸರ್ಕಾರದ ಸಹಾಯವಾಣಿ. ಒಂದು ಮಾತು: ದಿನಾ ಕುಡಿಯುವ ಮಟ್ಟಕ್ಕೆ ಬಂದಿದ್ದರೆ ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬೇಡಿ. ಕೈ ನಡುಕ, ಫಿಟ್ಸ್ ಬರಬಹುದು. ಡಾಕ್ಟರು ಹೇಳಿದ ಹಾಗೆ ಬಿಡಿಸಬೇಕು.

ಇಷ್ಟಾದರೂ ಅವರು ಒಪ್ಪದೆ, ಕುಡಿದಿದ್ದು ಇಳಿಯದೆ ಡ್ಯೂಟಿಗೆ ಹೊರಟರೆ, ಲಾಬಿಗೆ ನೀವೇ ಫೋನ್ ಮಾಡಿ. ಇದನ್ನು ಬರೆಯುವಾಗ ನನ್ನ ಕೈಯೂ ತಡೆಯುತ್ತಿದೆ. ಆದರೂ ಮಾಡಿ.

ಪ್ರಶ್ನೆ: ನಾನು ಅಸಿಸ್ಟೆಂಟ್ ಲೋಕೋ ಪೈಲಟ್. ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟಿದವನಲ್ಲ. ಆದರೂ ಪ್ರತಿ ಸಲ ಮೆಷಿನ್‌ಗೆ ಊದಬೇಕು. ಅನುಮಾನವೇ ಇಲ್ಲದವನನ್ನೂ ಹೀಗೆ ನೋಡುವುದು ಅವಮಾನ ಅಲ್ವಾ?
– ಓದುಗ, ಹುಬ್ಬಳ್ಳಿ

ಉತ್ತರ: ಇದೇ ಪ್ರಶ್ನೆಯನ್ನು ಅಮೆರಿಕದ ರೈಲು ಕಾರ್ಮಿಕ ಸಂಘಗಳು ಸುಪ್ರೀಂ ಕೋರ್ಟಿನವರೆಗೆ ಒಯ್ದವು. 1989ರಲ್ಲಿ 7 ಜಡ್ಜ್‌ಗಳು ಪರೀಕ್ಷೆ ಸರಿ ಅಂದರು, ಇಬ್ಬರು ಒಪ್ಪಲಿಲ್ಲ. ನಾನು ಆ ಏಳು ಜನರ ಕಡೆ. ಮೆಷಿನ್ ಬರುವ ಮುಂಚಿನ ಕಾಲ ನಾನು ನೋಡಿದ್ದೇನಪ್ಪಾ. ಮೂಗು, ಕಣ್ಣು ನೋಡಿ ಸೂಪರ್‌ವೈಸರ್ ತೀರ್ಮಾನ ಮಾಡುತ್ತಿದ್ದರು. ತಮ್ಮ ಕಡೆಯವನಾದರೆ ಹೋಗು ಅನ್ನುವುದು, ಆಗದವನಾದರೆ ನಿಲ್ಲಿಸುವುದು. ಎಲ್ಲರೂ ಊದಿದರೆ ಯಾರ ಮೇಲೂ ಅನುಮಾನ ಬಿದ್ದ ಹಾಗಲ್ಲ. ಉಸಿರಿನ ಪರೀಕ್ಷೆ ಹೇಳುವುದು ಈಗಿನ ಸ್ಥಿತಿ ಮಾತ್ರ. ಮೂತ್ರ ಪರೀಕ್ಷೆ ಬೇರೆ, ಅದು ಎಷ್ಟೋ ದಿನ ಹಿಂದೆ ತೆಗೆದುಕೊಂಡಿದ್ದನ್ನೂ ತೋರಿಸುತ್ತದೆ. ಅಲ್ಲಿ ನಿಮ್ಮ ತಕರಾರಿನಲ್ಲಿ ನ್ಯಾಯ ಇದೆ.

ಪ್ರಶ್ನೆ: ಕೆಮ್ಮಿನ ಸಿರಪ್ ಕುಡಿದರೂ ಮೆಷಿನ್ ಹಿಡಿಯುತ್ತಾ?
– ಓದುಗ, ಮೈಸೂರು

ಉತ್ತರ: ಸಿರಪ್‌ನಲ್ಲಿ ಆಲ್ಕೋಹಾಲ್ ಇದ್ದು, ಆಗಷ್ಟೇ ಕುಡಿದಿದ್ದರೆ ಬಾಯಲ್ಲಿ ಉಳಿದದ್ದನ್ನು ತೋರಿಸಬಹುದು. ಬಾಯಿ ಮುಕ್ಕಳಿಸಿ, 15–20 ನಿಮಿಷ ಬಿಟ್ಟು ಇನ್ನೊಮ್ಮೆ ಊದುತ್ತೇನೆ ಅಂತ ಕೇಳಿ, ಕೇಳಿದ್ದನ್ನು ಬರೆಸಿ. 2025ರ ಫೆಬ್ರವರಿಯಲ್ಲಿ ತಿರುವನಂತಪುರ ಡಿವಿಷನ್ ಸಿರಪ್, ಹೋಮಿಯೋಪಥಿ ಜೊತೆಗೆ ಎಳನೀರನ್ನೂ ಬೇಡ ಅಂತ ಆದೇಶ ಹೊರಡಿಸಿ, ಗಲಾಟೆಯಾದ ಮೇಲೆ ವಾಪಸ್ ಪಡೆಯಿತು. ಎಳನೀರು ಧಾರಾಳವಾಗಿ ಕುಡಿಯಿರಿ. ನಿದ್ದೆ ತರಿಸುವ ಸಿರಪ್ ಮಾತ್ರ ಬೇಡ, ಮೆಷಿನ್ ಹಿಡಿಯದಿದ್ದರೂ ಅದು 2.09ರ ಒಳಗೇ ಬರುತ್ತದೆ. ಡಾಕ್ಟರಿಗೆ 'ನಾನು ಗಾಡಿ ಓಡಿಸುವವನು' ಅಂತ ಮೊದಲೇ ಹೇಳಿ, ಬೇರೆ ಬರೆದುಕೊಡುತ್ತಾರೆ.