ಉಬುಂಟು ಅಪ್‌ಗ್ರೇಡ್: ಹೊರಗಿನಿಂದ ತಂದದ್ದನ್ನು ಮೊದಲು ಪಟ್ಟಿ ಮಾಡಿ

ಪ್ರಶ್ನೆ: ನನ್ನ ಡೆಸ್ಕ್‌ಟಾಪ್‌ನಲ್ಲಿ ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ 20.04 ಆವೃತ್ತಿ ಇದೆ. ಇಷ್ಟು ವರ್ಷ ಒಂದು ದಿನವೂ ಕೈಕೊಟ್ಟಿಲ್ಲ. ಈಗ ಅಪ್‌ಡೇಟ್ ಬರುವುದು ನಿಂತಿದೆ. ನೇರವಾಗಿ 24.04ಕ್ಕೆ ಹೋಗಬಹುದಾ? ನಾನು ಅನುವಾದದ ಕೆಲಸ ಮಾಡುತ್ತೇನೆ. ಹನ್ನೆರಡು ವರ್ಷದ ಫೈಲುಗಳು ಅದರಲ್ಲೇ ಇವೆ. ಎಲ್ಲಿ ಕೆಟ್ಟುಹೋಗುತ್ತದೋ ಎಂದು ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ.

ಉತ್ತರ: ನೇರವಾಗಿ ಹೋಗಲು ಆಗುವುದಿಲ್ಲ. ಮೊದಲು 22.04, ಅದು ಸರಿಯಾಗಿ ಓಡುತ್ತಿದೆ ಅಂತ ಖಾತ್ರಿಯಾದ ಮೇಲೆ 24.04. ಎಲ್‌ಟಿಎಸ್ ಎನ್ನುವ ದೀರ್ಘಾವಧಿ ಆವೃತ್ತಿಗಳು ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತವೆ. ಅವುಗಳಲ್ಲಿ ಒಂದೊಂದೇ ಮೆಟ್ಟಿಲು ಹತ್ತಬೇಕು. 20.04ರ ಮಾಮೂಲಿ ಐದು ವರ್ಷದ ಬೆಂಬಲ 2025ರ ಮೇ ತಿಂಗಳಿಗೆ ಮುಗಿಯಿತು. ನಿಮಗೆ ಅಪ್‌ಡೇಟ್ ಬರದಿರುವುದು ಅದಕ್ಕೇ. ಕೈಯಲ್ಲಿ ಅರ್ಜೆಂಟ್ ಅನುವಾದ ಇದ್ದರೆ ಈ ವಾರವೇ ಅಪ್‌ಗ್ರೇಡ್ ಮಾಡಬೇಡಿ. ಉಬುಂಟು ಪ್ರೊ ಎಂಬ ಸೌಲಭ್ಯ ಸ್ವಂತ ಬಳಕೆಗೆ ಐದು ಕಂಪ್ಯೂಟರ್‌ವರೆಗೆ ಉಚಿತ. ಅದನ್ನು ಜೋಡಿಸಿಕೊಂಡರೆ 20.04ಕ್ಕೂ ಸುರಕ್ಷತೆಯ ಅಪ್‌ಡೇಟ್ ಬರುತ್ತಿರುತ್ತದೆ. ಕೆಲಸ ಮುಗಿಸಿ, ಬಿಡುವಾದಾಗ ಕೂತು ಮಾಡಿ.

ಇನ್ನು ಭಯದ ವಿಷಯ. ನಾನು ನನ್ನದು, ಮನೆಯವರದ್ದು, ಗೆಳೆಯರದ್ದು ಅಂತ ಸಾಕಷ್ಟು ಕಂಪ್ಯೂಟರ್ ಅಪ್‌ಗ್ರೇಡ್ ಮಾಡಿದ್ದೇನೆ. ನಾನು ಕಂಡ ಹಾಗೆ ಉಬುಂಟು ಜೊತೆಗೇ ಬಂದ ಪ್ಯಾಕೇಜುಗಳು (ಸಾಫ್ಟ್‌ವೇರಿನ ಕಟ್ಟುಗಳು) ತೊಂದರೆ ಕೊಡುವುದು ಅಪರೂಪ. ತೊಂದರೆಯೆಲ್ಲ ನಾವು ಹೊರಗಿನಿಂದ ತಂದು ಸೇರಿಸಿದ್ದರಿಂದ. ಯಾವುದೋ ಸಾಫ್ಟ್‌ವೇರಿಗಾಗಿ ಒಂದು ಪಿಪಿಎ, ಅಂದರೆ ಬೇರೊಬ್ಬರು ಇಟ್ಟಿರುವ ಸಾಫ್ಟ್‌ವೇರ್ ಭಂಡಾರ, ಹಾಕಿರುತ್ತೇವೆ. ಪ್ರಿಂಟರ್ ಓಡಲಿ ಅಂತ ಎಲ್ಲಿಂದಲೋ ಒಂದು ಡೆಬ್ ಫೈಲ್ ಇಳಿಸಿ ಕೂರಿಸಿರುತ್ತೇವೆ. ಒಂದು ಸಿಸ್ಟಮ್ ಫೈಲಿನಲ್ಲಿ ಒಂದು ಸಾಲು ತಿದ್ದಿರುತ್ತೇವೆ. ಕೆಲಸ ಆಯಿತು, ಆಮೇಲೆ ಅದರ ನೆನಪೇ ಇರುವುದಿಲ್ಲ.

ನನಗೆ ಆದದ್ದನ್ನೇ ಹೇಳುತ್ತೇನೆ. 20.04ರಿಂದ 22.04ಕ್ಕೆ ಹೊರಟಾಗ ಅಪ್‌ಗ್ರೇಡ್ ಶುರುವಿನಲ್ಲೇ ನಿಂತುಬಿಟ್ಟಿತು. ಪೈಥಾನ್ 3 ಕೆಟ್ಟಿದೆ, ಅದರ ಸಿಮ್‌ಲಿಂಕ್ ಸರಿಮಾಡಿ ಎಂಬ ಸಂದೇಶ. (ಪೈಥಾನ್ ಒಂದು ಪ್ರೋಗ್ರಾಮಿಂಗ್ ಭಾಷೆ. ಸಿಮ್‌ಲಿಂಕ್ ಅಂದರೆ ಒಂದು ಹೆಸರಿನಿಂದ ಬೇರೊಂದು ಫೈಲಿಗೆ ದಾರಿ ತೋರಿಸುವ ಕೊಂಡಿ.) ಅರ್ಧ ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ನೆನಪಾಯಿತು: ಎರಡು ವರ್ಷದ ಹಿಂದೆ ಒಂದು ಪ್ರೋಗ್ರಾಮಿಗೆ ಹೊಸ ಪೈಥಾನ್ ಬೇಕಿತ್ತು. ಆಗ ಪೈಥಾನ್3 ಎಂಬ ಹೆಸರನ್ನೇ ಹೊಸದರ ಕಡೆಗೆ ತಿರುಗಿಸಿಟ್ಟಿದ್ದೆ. ಅಪ್‌ಗ್ರೇಡ್ ಮಾಡುವ ಸಾಧನ ಸ್ವತಃ ಪೈಥಾನ್‌ನಲ್ಲಿ ಬರೆದದ್ದು. ತನ್ನ ಆವೃತ್ತಿಯ ಪೈಥಾನ್ ಜಾಗದಲ್ಲಿಲ್ಲ ಎಂದು ಗೊತ್ತಾದ ಕೂಡಲೇ ಮುಂದೆ ಹೋಗಲು ಅದು ಒಪ್ಪಲಿಲ್ಲ. ಲಿಂಕನ್ನು ಮತ್ತೆ 20.04ರ ಸ್ವಂತ ಪೈಥಾನ್ 3.8ಕ್ಕೆ ತಿರುಗಿಸಿದೆ. ಆಮೇಲೆ ಸಲೀಸಾಗಿ ನಡೆಯಿತು.

ಅದಕ್ಕೇ ಮೊದಲು ಒಂದು ಹಾಳೆ, ಪೆನ್ನು ತೆಗೆದುಕೊಂಡು ಕೂತುಕೊಳ್ಳಿ. ‘ಸಾಫ್ಟ್‌ವೇರ್ ಆಂಡ್ ಅಪ್‌ಡೇಟ್ಸ್’ ತೆರೆದು ‘ಅದರ್ ಸಾಫ್ಟ್‌ವೇರ್’ ಎಂಬ ಟ್ಯಾಬ್ ನೋಡಿ. ಅಲ್ಲಿರುವ ಪ್ರತಿಯೊಂದು ಸಾಲೂ ಯಾಕೆ ಬಂತು ಅಂತ ಬರೆಯಿರಿ. ಈಗ ಬೇಡದ್ದನ್ನು ಪಿಪಿಎ-ಪರ್ಜ್ ಎಂಬ ಸಾಧನದಿಂದ ತೆಗೆಯಿರಿ. ಅದು ಪಿಪಿಎ ತೆಗೆಯುವುದಷ್ಟೇ ಅಲ್ಲ, ಅಲ್ಲಿಂದ ಬಂದ ಪ್ಯಾಕೇಜನ್ನು ಉಬುಂಟುವಿನ ಸ್ವಂತ ಆವೃತ್ತಿಗೆ ಮರಳಿಸುತ್ತದೆ. ಉಳಿದವನ್ನು ಅಪ್‌ಗ್ರೇಡ್ ತಾನೇ ತಾತ್ಕಾಲಿಕವಾಗಿ ನಿಲ್ಲಿಸುತ್ತದೆ. ಹೊಸ ಆವೃತ್ತಿಗೂ ಅವು ಸಿಗುತ್ತವೆಯೇ ನೋಡಿಕೊಂಡು, ಮುಗಿದ ಮೇಲೆ ನೀವೇ ಮತ್ತೆ ಚಾಲೂ ಮಾಡಬೇಕು.

ಹನ್ನೆರಡು ವರ್ಷದ ಫೈಲುಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ ಎಂದು ನಾನು ಹೇಳಬೇಕಿಲ್ಲ. ಆದರೆ ಒಂದು ವಿಷಯ ತುಂಬಾ ಜನ ತಪ್ಪುತ್ತಾರೆ. ಹೋಮ್ ಫೋಲ್ಡರ್ ತೆರೆದು ಎಲ್ಲವನ್ನೂ ಆಯ್ದು ಎಳೆದುಹಾಕಿದರೆ ಚುಕ್ಕಿಯಿಂದ ಶುರುವಾಗುವ ಅಡಗಿದ ಫೋಲ್ಡರುಗಳು ಬರುವುದಿಲ್ಲ. ಕಂಟ್ರೋಲ್ ಮತ್ತು ಎಚ್ ಒತ್ತಿ ನೋಡಿ, ಸಾಲುಸಾಲಾಗಿ ಕಾಣಿಸಿಕೊಳ್ಳುತ್ತವೆ. ಫೈರ್‌ಫಾಕ್ಸ್ ಬುಕ್‌ಮಾರ್ಕುಗಳು, ಥಂಡರ್‌ಬರ್ಡ್ ಮೇಲ್‌ಗಳು ಅಲ್ಲೇ ಇರುವುದು. ನೀವು ಲಿಬ್ರೆ ಆಫೀಸಿನಲ್ಲಿ ಇಷ್ಟು ವರ್ಷ ‘ಈ ಪದ ಸರಿ, ಸೇರಿಸು’ ಅಂತ ಕೂಡಿಹಾಕಿದ ಪದಪಟ್ಟಿಯೂ ಅಲ್ಲೇ, ಡಾಟ್ ಕಾನ್ಫಿಗ್ ಫೋಲ್ಡರಿನೊಳಗೆ. ಅನುವಾದಕರಿಗೆ ಅದು ಕಳೆದುಹೋದರೆ ಎಷ್ಟು ನೋವಾಗುತ್ತದೆ ಅಂತ ಬಲ್ಲೆ. ಕಾಪಿ ಆದ ಮೇಲೆ ಆ ಡಿಸ್ಕಿನಿಂದಲೇ ಒಂದು ಹಳೆಯ ಫೈಲ್ ತೆರೆದು ಓದಿ. ತೆರೆಯದ ಕಾಪಿಯನ್ನು ನಾನು ಕಾಪಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಟೈಮ್‌ಶಿಫ್ಟ್ ಇದೆ, ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಅದು ಸಿಸ್ಟಮ್ಮಿನ ಚಿತ್ರ ಹಿಡಿದಿಡುತ್ತದೆ, ನಿಜಕ್ಕೂ ಒಳ್ಳೆಯದು. ಆದರೆ ನಾವಾಗಿ ಹೇಳದಿದ್ದರೆ ಹೋಮ್ ಫೋಲ್ಡರನ್ನು ಮುಟ್ಟುವುದಿಲ್ಲ. ಎರಡೂ ಮಾಡಿ.

ಡಿಸ್ಕಿನಲ್ಲಿ ಜಾಗ ಎಷ್ಟಿದೆ ಅಂತಲೂ ನೋಡಿ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿಕೊಂಡವರಿಗೆ ಬೂಟ್ ಎಂಬುದು ಬೇರೆಯೇ ಚಿಕ್ಕ ವಿಭಾಗ. ಹಳೆಯ ಕರ್ನಲ್‌ಗಳು (ಸಿಸ್ಟಮ್ಮಿನ ತಿರುಳಿನ ಹಳೆಯ ಆವೃತ್ತಿಗಳು) ಕೂತು ಅದು ತುಂಬಿರುತ್ತದೆ. ‘ಸುಡೊ ಆಪ್ಟ್ ಆಟೊರಿಮೂವ್’ ಕೊಟ್ಟರೆ ಸಾಮಾನ್ಯವಾಗಿ ಖಾಲಿಯಾಗುತ್ತದೆ. (ಕಮಾಂಡುಗಳನ್ನು ಇಲ್ಲಿ ಕಿವಿಗೆ ಕೇಳುವ ಹಾಗೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಕೊಡುವ ಕಿಟಕಿಯಲ್ಲಿ, ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಿ.)

ಇಷ್ಟಾದ ಮೇಲೆ ಈಗಿನ ಆವೃತ್ತಿಯ ಅಪ್‌ಡೇಟುಗಳನ್ನೆಲ್ಲ ಮುಗಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿ, ‘ಸುಡೊ ಡು-ರಿಲೀಸ್-ಅಪ್‌ಗ್ರೇಡ್’ ಕೊಡಿ. ಕೊನೆಗೆ ಮೈನಸ್ ಡಿ ಸೇರಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದು ಇನ್ನೂ ತಯಾರಾಗುತ್ತಿರುವ ಆವೃತ್ತಿಗಳಿಗೆ ಇರುವ ದಾರಿ.

ಶುರುಮಾಡಿ ಎದ್ದುಹೋಗಬೇಡಿ. ನಡುವೆ ಪ್ರಶ್ನೆಗಳು ಬರುತ್ತವೆ. ಒಂದು ಪ್ರಶ್ನೆಯನ್ನು ಹತ್ತಿರದಿಂದ ತೋರಿಸುತ್ತೇನೆ. ನನ್ನ ಕಂಪ್ಯೂಟರಿನಲ್ಲಿ ಲಾಗಿನ್ ಪರದೆ ನೋಡಿಕೊಳ್ಳುವ ಜಿಡಿಎಂ3 ಫೋಲ್ಡರಿನ ಕಸ್ಟಮ್ ಡಾಟ್ ಕಾನ್ಫ್ ಎಂಬ ಫೈಲಿನ ಬಗ್ಗೆ ಕೇಳಿತು: ಇದು ಇಲ್ಲಿ ಬದಲಾಗಿದೆ, ನಿಮ್ಮದನ್ನು ಉಳಿಸಲೇ, ಹೊಸದನ್ನು ಹಾಕಲೇ? ಎನ್ ಒತ್ತಿದರೆ ನಿಮ್ಮದು ಉಳಿಯುತ್ತದೆ, ವೈ ಒತ್ತಿದರೆ ಹೊಸದು ಬರುತ್ತದೆ. ನಾನು ಯಾವಾಗಲೂ ಮೊದಲು ಒತ್ತುವುದು ಡಿ. ವ್ಯತ್ಯಾಸ ಏನು ಅಂತ ತೋರಿಸುತ್ತದೆ. ನೋಡಿದರೆ ಒಂದೇ ಸಾಲು. ವೇಲ್ಯಾಂಡ್ (ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ವ್ಯವಸ್ಥೆ) ಬೇಡ ಎನ್ನುವ ಸಾಲಿನ ಮುಂದಿನ ಹ್ಯಾಶ್ ಗುರುತನ್ನು ಅಳಿಸಿ ಆ ಸಾಲು ಜಾರಿಗೆ ಬರುವಂತೆ ಮಾಡಿದ್ದೆ. ಆಗ ಸ್ಕ್ರೀನ್ ಶೇರ್ ಮಾಡಿದರೆ ಕಪ್ಪಾಗಿ ಕಾಣುತ್ತಿತ್ತು, ಅದಕ್ಕೆ ಮಾಡಿದ್ದು. ಹೊಸ ಆವೃತ್ತಿಯಲ್ಲಿ ಆ ತೊಂದರೆ ಇರಲಾರದು ಅನ್ನಿಸಿತು, ವೈ ಒತ್ತಿದೆ. ತಪ್ಪಾದರೂ ಚಿಂತೆ ಇರಲಿಲ್ಲ. ಹಳೆಯ ಫೈಲು ಕೊನೆಯಲ್ಲಿ ಡಿಪಿಕೆಜಿ-ಓಲ್ಡ್ ಎಂಬ ಬಾಲ ಹೊತ್ತು ಪಕ್ಕದಲ್ಲೇ ಉಳಿದಿರುತ್ತದೆ. ನೀವು ತಿದ್ದಿದ ನೆನಪಿಲ್ಲದ ಫೈಲಿನ ಬಗ್ಗೆ ಕೇಳಿದರೆ, ಡಿ ಒತ್ತಿ ನೋಡಿಯೂ ಅರ್ಥವಾಗದಿದ್ದರೆ, ಸುಮ್ನೆ ಎಂಟರ್ ಒತ್ತಿ. ಆಗ ನಿಮ್ಮದೇ ಉಳಿಯುತ್ತದೆ.

22.04ಕ್ಕೆ ಬಂದ ಮೇಲೆ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಬೇರೆ ಬಗೆಯ ಪ್ಯಾಕೇಜ್ ರೂಪದಲ್ಲಿರುತ್ತದೆ. ಮೊದಲ ಸಲ ತೆರೆಯುವಾಗ ನಿಧಾನ ಅನ್ನಿಸಬಹುದು. ಬುಕ್‌ಮಾರ್ಕ್ ಕಾಣದಿದ್ದರೆ ಗಾಬರಿಯಾಗಬೇಡಿ, ಹಳೆಯ ಪ್ರೊಫೈಲ್ ಹೋಮ್ ಫೋಲ್ಡರಿನ ಡಾಟ್ ಮೊಜಿಲ್ಲಾದಲ್ಲಿ ಹಾಗೇ ಇರುತ್ತದೆ. ಕನ್ನಡ ಕೀಲಿಮಣೆ ಮಾಯವಾಗಿದ್ದರೆ ಐಬಸ್-ಎಂ17ಎನ್ ಪ್ಯಾಕೇಜ್ ಇದೆಯೇ ನೋಡಿ, ಸೆಟ್ಟಿಂಗ್ಸ್‌ನಲ್ಲಿ ಇನ್‌ಪುಟ್ ಸೋರ್ಸ್ ಮತ್ತೆ ಸೇರಿಸಿ. ಕೆಲವು ದಿನ 22.04ರಲ್ಲೇ ನಿಮ್ಮ ಮಾಮೂಲಿ ಕೆಲಸ ಮಾಡಿ. ಪ್ರಿಂಟ್ ತೆಗೆಯಿರಿ, ದೊಡ್ಡ ಫೈಲ್ ತೆರೆಯಿರಿ. ಆಮೇಲೆ ಇದೇ ಕ್ರಮದಲ್ಲಿ 24.04ಕ್ಕೆ ಹೋಗಿ.

ಪ್ರಶ್ನೆ: ಅಪ್‌ಗ್ರೇಡ್ ನಡೆಯುತ್ತಿರುವಾಗಲೇ ಕರೆಂಟ್ ಹೋಯಿತು. ಈಗ ಆನ್ ಮಾಡಿದರೆ ಕಪ್ಪು ಪರದೆ. ಎಲ್ಲ ಹೋಯಿತಾ?

ಉತ್ತರ: ಇಲ್ಲ. ನಿಮ್ಮ ಫೈಲುಗಳು ಇದ್ದಲ್ಲೇ ಇರುವ ಸಾಧ್ಯತೆಯೇ ಜಾಸ್ತಿ. ಅರ್ಧ ಕೂರಿಸಿದ ಪ್ಯಾಕೇಜುಗಳು ಮಾತ್ರ ನಡುವೆ ನಿಂತಿವೆ. ದಯವಿಟ್ಟು ಅವಸರಪಟ್ಟು ಫಾರ್ಮ್ಯಾಟ್ ಮಾಡಬೇಡಿ.

ಕಪ್ಪು ಪರದೆಯಲ್ಲೇ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಲಾಗಿನ್ ಕೇಳಿದರೆ ಅರ್ಧ ಗೆದ್ದ ಹಾಗೆ. ಒಳಗೆ ಹೋಗಿ ‘ಸುಡೊ ಡಿಪಿಕೆಜಿ’ ಎಂದು ಬರೆದು, ಜಾಗ ಬಿಟ್ಟು, ಎರಡು ಅಡ್ಡಗೆರೆ ಹಾಕಿ ‘ಕಾನ್ಫಿಗರ್’, ಮತ್ತೆ ಜಾಗ ಬಿಟ್ಟು ಒಂದು ಅಡ್ಡಗೆರೆ ಮತ್ತು ಎ. ಅರ್ಧಕ್ಕೆ ನಿಂತದ್ದನ್ನು ಅದು ಮುಗಿಸುತ್ತದೆ. ನಂತರ ‘ಸುಡೊ ಆಪ್ಟ್ ಇನ್‌ಸ್ಟಾಲ್’ ಜೊತೆಗೆ ಒಂದು ಅಡ್ಡಗೆರೆ ಮತ್ತು ಎಫ್. ಕೊನೆಗೆ ‘ಸುಡೊ ಆಪ್ಟ್ ಅಪ್‌ಡೇಟ್’, ‘ಸುಡೊ ಆಪ್ಟ್ ಫುಲ್-ಅಪ್‌ಗ್ರೇಡ್’. ಪರದೆ ತುಂಬಾ ಸಾಲುಗಳು ಓಡುತ್ತವೆ, ಓಡಲಿ ಬಿಡಿ.

ಲಾಗಿನ್ ಕೂಡ ಬರದಿದ್ದರೆ ಕಂಪ್ಯೂಟರ್ ಆನ್ ಆಗುವಾಗ ಎಸ್ಕೇಪ್ ಕೀಲಿ ಒತ್ತಿ, ಹಳೆಯ ಬಯೋಸ್ ಇದ್ದರೆ ಶಿಫ್ಟ್ ಹಿಡಿಯಿರಿ. ಗ್ರಬ್ ಪಟ್ಟಿ, ಅಂದರೆ ಯಾವುದರಿಂದ ಶುರುಮಾಡಬೇಕು ಎಂದು ಆಯ್ದುಕೊಳ್ಳುವ ಮೆನು, ಬರುತ್ತದೆ. ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಳೆಯ ಕರ್ನಲ್‌ಗಳಿರುತ್ತವೆ. ಅವುಗಳಲ್ಲೊಂದನ್ನು ಆಯ್ದರೆ ಎಷ್ಟೋ ಸಲ ಕಂಪ್ಯೂಟರ್ ಎದ್ದು ಕೂರುತ್ತದೆ. ಎನ್‌ವಿಡಿಯಾ ಕಾರ್ಡ್ ಇದ್ದು, ಎಲ್ಲ ಸರಿಯಿದ್ದೂ ಪರದೆ ಮಾತ್ರ ಕಪ್ಪಾಗಿದ್ದರೆ, ಗ್ರಬ್‌ನಲ್ಲಿ ಇ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೊಮೋಡ್‌ಸೆಟ್’ ಸೇರಿಸಿ, ಎಫ್10 ಒತ್ತಿ. ಅದು ಆ ಒಂದು ಸಲಕ್ಕೆ ಮಾತ್ರ. ಒಳಗೆ ಹೋದ ಮೇಲೆ ‘ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್’ ಕೊಟ್ಟು ಡ್ರೈವರನ್ನು ಹೊಸದಾಗಿ ಕೂರಿಸಿ.

ಪ್ರಶ್ನೆ: 24.04ಕ್ಕೆ ಬಂದಾಗಿನಿಂದ ಪಿಪ್ ಇನ್‌ಸ್ಟಾಲ್ (ಪೈಥಾನ್ ಲೈಬ್ರರಿ ಹಾಕುವ ಕಮಾಂಡ್) ಕೊಟ್ಟರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಅಂತ ಬೈಯುತ್ತದೆ. ತಡೆ ತೆಗೆಯುವುದು ಹೇಗೆ?

ಉತ್ತರ: ತೆಗೆಯಬೇಡಿ, ಅದು ನಿಮ್ಮ ಒಳ್ಳೆಯದಕ್ಕೇ ಇದೆ. ಸಿಸ್ಟಮ್ಮಿನ ಪೈಥಾನ್‌ನೊಳಗೆ ನಾವು ಕೈಹಾಕಿದರೆ ಏನಾಗುತ್ತದೆ ಅಂತ ಮೇಲೆ ನನ್ನ ಕಥೆಯಲ್ಲೇ ಇದೆ. ಪೈಥಾನ್3-ವೆನ್ವ್ ಪ್ಯಾಕೇಜ್ ಹಾಕಿಕೊಂಡು, ಪ್ರತಿ ಕೆಲಸಕ್ಕೂ ಒಂದು ವೆನ್ವ್ (ಸಿಸ್ಟಮ್ಮಿನದ್ದಕ್ಕೆ ತಾಗದ ಪ್ರತ್ಯೇಕ ಪೈಥಾನ್ ಜಾಗ) ಮಾಡಿ, ಪಿಪ್ ಅದರೊಳಗೆ ಓಡಿಸಿ. ಹಳೆಯ ವೆನ್ವ್‌ಗಳನ್ನು ಅಳಿಸಿ ಹೊಸದಾಗಿ ಮಾಡಬೇಕಾಗುತ್ತದೆ. 22.04ರಲ್ಲಿ ಪೈಥಾನ್ 3.10 ಇತ್ತು, 24.04ರಲ್ಲಿ 3.12.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಸುಲಭ ಅಲ್ವಾ?

ಉತ್ತರ: ಕೆಲವರಿಗೆ ಹೌದು. ಹೊರಗಿನ ಸಾಫ್ಟ್‌ವೇರ್ ಪಟ್ಟಿ ಬರೆಯುತ್ತಾ ಹೋಗಿ ಹಾಳೆ ತುಂಬಿದರೆ, ಅರ್ಧದಷ್ಟು ಯಾಕೆ ಇವೆ ಅಂತಲೇ ಗೊತ್ತಾಗದಿದ್ದರೆ, ನಾನೂ ಹೊಸದಾಗಿಯೇ ಮಾಡುತ್ತೇನೆ. ಪಟ್ಟಿ ನಾಲ್ಕೈದು ಸಾಲಿನಲ್ಲಿ ಮುಗಿದರೆ ಅಪ್‌ಗ್ರೇಡೇ ಸಾಕು. ಎರಡರಲ್ಲಿ ಯಾವುದೇ ಇರಲಿ, ಮೊದಲು ಹೊಸ ಆವೃತ್ತಿಯನ್ನು ಪೆನ್‌ಡ್ರೈವಿಗೆ ಬರೆದು, ಅದರಿಂದಲೇ ಕಂಪ್ಯೂಟರ್ ಶುರುಮಾಡಿ, ‘ಟ್ರೈ ಉಬುಂಟು’ ಆಯ್ದುಕೊಳ್ಳಿ. ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ವೈಫೈ ಸಿಗುತ್ತದೆಯೇ, ಸ್ಪೀಕರಿನಲ್ಲಿ ದನಿ ಬರುತ್ತದೆಯೇ, ಪರದೆ ಪೂರ್ತಿ ಅಗಲಕ್ಕೆ ಕಾಣುತ್ತದೆಯೇ ನೋಡಿ. ನಿದ್ರೆಗೆ ಕಳಿಸಿ ಮತ್ತೆ ಎಬ್ಬಿಸಿಯೂ ನೋಡಿ, ಅದನ್ನು ಪರೀಕ್ಷಿಸಲು ಎಲ್ಲರೂ ಮರೆಯುತ್ತಾರೆ.