ನಾವು ಹಾವೇರಿಯವರು. ಹೃದಯದ ತೊಂದರೆಯಿಂದ ನಮ್ಮ ಎರಡು ತಿಂಗಳ ಹೆಣ್ಣುಕೂಸು ಹೋಯಿತು. ಅದರ ಸಾಮಾನೆಲ್ಲ ತೆಗೆದುಹಾಕಿ, ಬೇಗ ಇನ್ನೊಂದು ಮಗು ಮಾಡಿಕೊಳ್ಳಿ ಅಂತಾರೆ ಹಿರಿಯರು. ಹೆಂಡತಿ ಕೂಸನ್ನ ಮರೆಯೋಕೆ ಅದೇ ದಾರಿಯಾ?

ಬೇಡ. ಯಾವುದನ್ನೂ ತೆಗೆಯಬೇಡಿ. ಅದರಲ್ಲೂ ಆಸ್ಪತ್ರೆಯ ಫೈಲಿಗೆ ಕೈ ಹಚ್ಚಬೇಡಿ. ನೀವು ಹಾವೇರಿ ಅಂತ ಬರೆದಿದ್ದೀರಿ, ನಾವು ಗದಗ-ಬೆಟಗೇರಿಯವರು. ನಿಮ್ಮ ಮನೆಯಲ್ಲಿ ಈಗ ಯಾರು ಏನು ಹೇಳುತ್ತಿರಬಹುದು ಅಂತ ನನಗೆ ಗೊತ್ತು. ನನಗೂ ಅದನ್ನೇ ಹೇಳಿದ್ದರು. ನಾನು ಕೇಳಿಬಿಟ್ಟೆ.

ನಮ್ಮ ಮಗ ಹುಟ್ಟಿದ್ದು ಗದಗದಲ್ಲಿ, ಸಿಸೇರಿಯನ್ ಆಗಿ. ತೂಕ ಚೆನ್ನಾಗಿತ್ತು, ಜೋರಾಗಿ ಅತ್ತಿದ್ದ. ಮರುದಿನ ತುಟಿ, ಉಗುರು ನೀಲಿಯಾದವು. ಆಕ್ಸಿಜನ್ ಕೊಟ್ಟರೂ ಬಣ್ಣ ತಿರುಗಲಿಲ್ಲ. ಹುಬ್ಬಳ್ಳಿಗೆ ಒಯ್ದೆವು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದ ಡಾಕ್ಟರ್ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲು ಬದಲಾಗಿದ್ದವು. ಶ್ವಾಸಕೋಶದಿಂದ ಬಂದ ಒಳ್ಳೆ ರಕ್ತ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ, ಮೈಯಿಂದ ಬಂದದ್ದು ಮತ್ತೆ ಮೈಗೇ. ಹೊಟ್ಟೆಯಲ್ಲಿದ್ದಾಗ ತೆರೆದಿರುವ ಒಂದು ಸಣ್ಣ ನಾಳ ಹುಟ್ಟಿದ ಮೇಲೂ ಸ್ವಲ್ಪ ಕಾಲ ಎರಡನ್ನೂ ಬೆರೆಸುತ್ತದೆ. ಅದು ಮುಚ್ಚುತ್ತ ಬಂದಂತೆ ಕೂಸು ನೀಲಿಯಾಗುತ್ತದೆ. ಅದನ್ನು ತೆರೆದಿಡಲು ಪ್ರೊಸ್ಟಾಗ್ಲಾಂಡಿನ್ ಅನ್ನುವ ಔಷಧ ಕೊಡಲು ಶುರು ಮಾಡಿದರು. ನಾಳಗಳನ್ನು ಸರಿಯಾದ ಜಾಗಕ್ಕೆ ಜೋಡಿಸುವ ಆಪರೇಷನ್ ಇದೆ, ಮೊದಲ ಕೆಲವು ವಾರಗಳಲ್ಲೇ ಆಗಬೇಕು ಅಂದರು. ಬೆಂಗಳೂರಿಗೆ ಕಳಿಸುವ ಏರ್ಪಾಡು ನಡೆದಿತ್ತು. ಅಷ್ಟರಲ್ಲಿ ಹೋಗಿಬಿಟ್ಟ.

ಇದೆಲ್ಲ ಆಗುವಾಗ ನನ್ನ ಹೆಂಡತಿ ಗದಗದ ವಾರ್ಡಿನಲ್ಲಿ ಹೊಲಿಗೆ ಹಾಕಿಸಿಕೊಂಡು ಮಲಗಿದ್ದಳು. ಹುಬ್ಬಳ್ಳಿಯಲ್ಲಿ ಏನೇನಾಯಿತು ಅಂತ ಅವಳು ನೋಡಲಿಲ್ಲ. ಮಣ್ಣಿಗೂ ಗಂಡಸರೇ ಹೋಗಿ ಬಂದೆವು. ಹಾಗಾಗಿ ಮಗನ ಬಗ್ಗೆ ಅವಳ ಹತ್ತಿರ ಉಳಿದದ್ದು ಒಂದು ಕುಂಚಿಗಿ, ಅವಳ ಅವ್ವ ಹಳೆ ಸೀರೆಗಳಿಂದ ಹೊಲಿದ ಪುಟ್ಟ ಕೌದಿ, ಮತ್ತು ಆ ಫೈಲು. ಫೈಲನ್ನು ಹಾಸಿಗೆ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದಳು. ಅದರಲ್ಲಿ ಮಗನ ಪಾದದ ಇಂಕಿನ ಗುರುತು ಇದ್ದ ಹಾಳೆಯ ಝೆರಾಕ್ಸ್ ಇತ್ತು. ಯಾವ ಹೊತ್ತಿಗೆ ಏನು ಕೊಟ್ಟರು ಅನ್ನುವುದೂ ಇತ್ತು. ಗೊತ್ತಾಗದ ಪದಗಳನ್ನು ಒಂದು ವಹಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು, ಡಾಕ್ಟರನ್ನು ಕೇಳಬೇಕು ಅಂತ.

ನಮ್ಮ ದೊಡ್ಡವ್ವ ಬಂದು, "ಕೂಸಿನ ಸಾಮಾನು ಮನ್ಯಾಗ ಇದ್ರ ಆಕಿ ಹೆಂಗ ಮರೀತಾಳೋ? ಎಲ್ಲಾ ಸುಟ್ಟಬಿಡು" ಅಂದರು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ, ಅವರೂ ಎರಡು ಕೂಸು ಕಳಕೊಂಡವರು. ಒಂದು ಮಧ್ಯಾಹ್ನ ಹೆಂಡತಿ ಮಲಗಿದ್ದಾಗ ನಾನು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಹಿತ್ತಲಲ್ಲಿ ಸುಟ್ಟೆ. ಫೈಲನ್ನೂ. ವಹಿಯನ್ನೂ.

ಯಾಕೆ ಹಾಗೆ ಮಾಡಿದೆ ಅಂತ ತುಂಬಾ ಸಲ ಯೋಚಿಸಿದ್ದೇನೆ. ಅವಳಿಗೋಸ್ಕರ ಅಂತ ಹೇಳಿಕೊಂಡಿದ್ದೆ. ನಿಜ ಹೇಳಬೇಕಂದರೆ ಅವಳು ಆ ಹಾಳೆಗಳನ್ನು ಓದುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಅದು ನನ್ನ ಒಬ್ಬನದೇ ಅನ್ನುವಂತೆ ನಡೆದುಕೊಂಡೆ. ಅವಳನ್ನು ಒಂದು ಮಾತು ಕೇಳಲಿಲ್ಲ. ಎದ್ದ ಮೇಲೆ ಫೈಲ್ ಎಲ್ಲಿ ಅಂದಳು. ಹೇಳಿದೆ. ಅವಳು ಜಗಳ ಮಾಡಲಿಲ್ಲ. ತವರಿಗೆ ಹೋದಳು, ಬಹಳ ತಿಂಗಳು ಬರಲಿಲ್ಲ.

ಇನ್ನೊಂದು ನಷ್ಟ ಗೊತ್ತಾಗಿದ್ದು ವರ್ಷಗಳ ಮೇಲೆ, ಅವಳು ಮತ್ತೆ ಬಸುರಿಯಾದಾಗ. ಮೊದಲ ಮಗುವಿಗೆ ಏನಾಗಿತ್ತು ಅಂತ ಡಾಕ್ಟರ್ ಕೇಳಿದರು. "ಹೃದಯದಲ್ಲಿ ತೂತು" ಅಂದೆ. ನೀಲಿಯಾದದ್ದು, ಚಿತ್ರ ಬರೆದು ತೋರಿಸಿದ್ದು ಎಲ್ಲ ನೆನಪಿತ್ತು, ಆದರೆ ರೋಗದ ಹೆಸರು ಬಾಯಿಗೆ ಬರಲಿಲ್ಲ. ಮನೆಯಲ್ಲಿ ಎಲ್ಲರೂ ತೂತು ಅಂತಲೇ ಅನ್ನುತ್ತಿದ್ದರು. ಡಾಕ್ಟರ್ ಪೆನ್ನು ಕೆಳಗಿಟ್ಟು ವಿವರಿಸಿದರು. ತೂತಿನ ಕಾಯಿಲೆಯೇ ಬೇರೆ, ನಾಳ ಅದಲು ಬದಲಾಗುವುದೇ ಬೇರೆ. ನಾಳ ಬದಲಾದ ಕೂಸಿನ ಹೃದಯದ ನಾಲ್ಕು ಕೋಣೆಗಳು ಸ್ಕ್ಯಾನಿನಲ್ಲಿ ಸರಿಯಾಗಿಯೇ ಕಾಣಬಹುದು. ನಾಳಗಳು ಹೊರಡುವ ಜಾಗವನ್ನು ಬೇಕೆಂದೇ ನೋಡಿದರೆ ಮಾತ್ರ ಸಿಗುತ್ತದೆ. ಮೊದಲೇ ಸಿಕ್ಕರೆ ಮಕ್ಕಳ ಹೃದಯದ ಆಪರೇಷನ್ ಆಗುವ ಊರಲ್ಲೇ ಹೆರಿಗೆ ಇಟ್ಟುಕೊಳ್ಳಬಹುದು. ಅದಕ್ಕೇ ಹೆಸರು ಬೇಕು, ಹಳೆ ರಿಪೋರ್ಟ್ ತನ್ನಿ ಅಂದರು.

ಹುಬ್ಬಳ್ಳಿಯ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಹೋದೆ. ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟಿರಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ಮಂಡಳಿಯ ನಿಯಮ ಹೇಳುತ್ತದೆ. ನಾವು ಹೋದಾಗ 3 ವರ್ಷ ದಾಟಿತ್ತು. ಕೇಸ್ ಶೀಟ್ ವಿಲೇವಾರಿ ಆಗಿತ್ತು. ಕಂಪ್ಯೂಟರಿನಲ್ಲಿ ಒಂದು ಪುಟದ ಸಮ್ಮರಿ ಸಿಕ್ಕಿತು. ಹೆಸರು ಸಿಕ್ಕಿತು. ಪಾದದ ಗುರುತು ಸಿಗಲಿಲ್ಲ.

ಆ ಹೆಸರು ಇಟ್ಟುಕೊಂಡು ಕೂಸಿನ ಹೃದಯದ ಎಕೋ ಮಾಡಿಸಿದೆವು. ತಾಯಿ ಹೊಟ್ಟೆಯಲ್ಲಿರುವಾಗಲೇ ಮಾಡುವ ಪರೀಕ್ಷೆ ಅದು, ಸಾಮಾನ್ಯವಾಗಿ 18ರಿಂದ 22 ವಾರದ ನಡುವೆ. ಎಲ್ಲ ಸರಿಯಿತ್ತು. ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ಅವಳು ಬಂದದ್ದರಿಂದ ಅವಳಮ್ಮ ಮಗನನ್ನು ಮರೆತಿಲ್ಲ. ನಾನೂ ಮರೆತಿಲ್ಲ. ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಮನೆಯವರು ಯಾಕೆ ಮರೆಯಬೇಕು? ನೀವು ಎರಡು ತಿಂಗಳು ಎತ್ತಿ ಆಡಿಸಿದ ಮಗಳು. ಹೆಸರು ಇಟ್ಟಿದ್ದೀರಿ ಅಲ್ವಾ, ಆ ಹೆಸರಿನಿಂದಲೇ ಮಾತಾಡಿ.

ಮುಂದಿನ ಮಗು ಬೇಕು ಅಂತ ಇಬ್ಬರಿಗೂ ಅನಿಸಿದಾಗ ಯೋಚಿಸಿ, ಊರವರ ಲೆಕ್ಕಕ್ಕಲ್ಲ. ಹೆರಿಗೆಯಾದ ಮೇಲೆ ಮತ್ತೆ ಬಸುರಿಯಾಗಲು 24 ತಿಂಗಳಾದರೂ ಬಿಡಿ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಿಮಗೆ ಎಷ್ಟು ಸರಿ ಅಂತ ನಿಮ್ಮ ಡಾಕ್ಟರ್ ಹೇಳಲಿ. ಫೋಲಿಕ್ ಆಸಿಡ್ ಮಾತ್ರೆ ಬಸುರಾಗುವ ಮೊದಲೇ ಶುರುವಾಗಬೇಕು, ಸಕ್ಕರೆ ಕಾಯಿಲೆ ಇದೆಯಾ ನೋಡಿಸಬೇಕು. ಸಂಬಂಧದಲ್ಲೇ ಮದುವೆಯಾಗಿದ್ದರೆ ಮುಚ್ಚಿಡದೆ ಹೇಳಿ. ಒಂದು ಮಗುವಿಗೆ ಹೃದಯದ ತೊಂದರೆ ಇದ್ದರೆ ಮುಂದಿನ ಮಗುವಿಗೂ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ ಇರುತ್ತದೆ, ಆದರೂ ಬಹಳಷ್ಟು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತವೆ.

ಗ್ರಹಣದ ದಿನ ಹೊರಗೆ ಬಂದಿದ್ದಳು ಅಂತ ನಿಮ್ಮ ಮನೆಯವರ ಮೇಲೆ ಯಾರಾದರೂ ಹೊರಿಸಿದರೆ ನೀವೇ ಎದುರು ನಿಂತು ಮಾತಾಡಿ. ಕೂಸಿನ ಹೃದಯ ಮೊದಲ 8 ವಾರಗಳಲ್ಲೇ ರೂಪುಗೊಳ್ಳುತ್ತದೆ. ಏಳನೇ ತಿಂಗಳ ಗ್ರಹಣಕ್ಕೂ ಅದಕ್ಕೂ ಏನು ಸಂಬಂಧ? ನಮ್ಮಲ್ಲೂ ಹಾಗೆ ಹೊರಿಸಿದಾಗ ನಾನು ಸುಮ್ನೆ ಕೂತಿದ್ದೆ, ಅದೂ ನನ್ನ ಹೆಂಡತಿಗೆ ನೆನಪಿದೆ. ಎದೆಹಾಲು ಇನ್ನೂ ಬರುತ್ತಿದ್ದರೆ ಬಟ್ಟೆ ಬಿಗಿದು ಕಟ್ಟಲು ಬಿಡಬೇಡಿ. ಡಾಕ್ಟರಿಗೆ ತೋರಿಸಿ, ಅದಕ್ಕೆ ಮಾತ್ರೆ ಇದೆ.

ಈ ವಾರವೇ ಆಸ್ಪತ್ರೆಗೆ ಹೋಗಿ ಪೂರ್ತಿ ಕೇಸ್ ಶೀಟ್, ಎಕೋ ರಿಪೋರ್ಟ್, ಸಿಡಿ ಇದ್ದರೆ ಅದನ್ನೂ ಬರೆದುಕೊಟ್ಟು ಕೇಳಿ. ಎರಡು ಪ್ರತಿ ಮಾಡಿಸಿ, ಮೊಬೈಲಲ್ಲಿ ಫೋಟೋ ತೆಗೆದಿಡಿ. ನಿಮ್ಮ ಮನೆಯವರು ಬರುತ್ತೇನೆ ಅಂದರೆ ಜೊತೆಗೇ ಕರೆದುಕೊಂಡು ಹೋಗಿ. ಡಾಕ್ಟರನ್ನು ಕೇಳುವುದು ಅವರಿಗೂ ಇರುತ್ತದೆ.